‘ಸಿಗಲಿಲ್ಲ’ ಎಂದರೆ ‘ಇಲ್ಲ’ ಎಂದರ್ಥವಲ್ಲ

ಇಳಕಲ್ ಸಮೀಪದ ಹಳ್ಳಿಯೊಂದರ ವಿದ್ಯಾರ್ಥಿನಿ ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ತನ್ನ ಹೆಸರು ಹುಡುಕುತ್ತಿದ್ದಾಳೆ ಎಂದಿಟ್ಟುಕೊಳ್ಳೋಣ. ಜಾಲಪುಟದಲ್ಲಿ ತಾಲ್ಲೂಕು, ಊರು, ನೋಂದಣಿ ಸಂಖ್ಯೆ ತುಂಬಿ ಗುಂಡಿ ಒತ್ತುತ್ತಾಳೆ. ‘ದಾಖಲೆ ಇಲ್ಲ’ ಎಂಬ ಎರಡೇ ಮಾತು ತೆರೆಯ ಮೇಲೆ ಮೂಡುತ್ತದೆ. ‘ಹಂಗಾರ ಈ ವರ್ಷ ಫೀ ಎಲ್ಲಿಂದ ಕಟ್ಟೂದವಾ?’ ಎಂದು ಬೆನ್ನ ಹಿಂದೆ ನಿಂತ ಅಪ್ಪ ಕೇಳುತ್ತಾನೆ. ಹೆಸರು ಪಟ್ಟಿಯಲ್ಲಿ ಇದ್ದೇ ಇದೆ. ಕೇಳಿದ ಪ್ರಶ್ನೆ ಮಾತ್ರ ಅದನ್ನು ಮುಟ್ಟಲಿಲ್ಲ.

ಹೀಗೇಕೆ ಆಗುತ್ತದೆ? ಜಾಲಪುಟಗಳಲ್ಲಿ ಎರಡು ಬಗೆ. ಒಂದು, ಗೋಡೆಗೆ ಅಂಟಿಸಿದ ಭಿತ್ತಿಪತ್ರದಂತೆ ಮೊದಲೇ ಬರೆದಿಟ್ಟದ್ದು. ಇನ್ನೊಂದು, ಕೇಳಿದಾಗ ಮಾತ್ರ ತಯಾರಾಗುವಂಥದು. ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಸೇರಿದವು. ಅಷ್ಟಕ್ಕೂ ಒಂದೊಂದು ಪುಟ ಬರೆದಿಡುವುದು ಆಗದ ಮಾತು. ಆದ್ದರಿಂದ ಮಾಹಿತಿಯೆಲ್ಲ ದತ್ತಸಂಚಯದಲ್ಲಿ, ಅಂದರೆ ಡೇಟಾಬೇಸಿನಲ್ಲಿ ಇರುತ್ತದೆ. ಪುಟವು ಅದಕ್ಕೊಂದು ಪ್ರಶ್ನೆ ಕಳುಹಿಸಿ, ಬಂದ ಉತ್ತರವನ್ನು ಹೊಂದಿಸಿ ತೋರಿಸುತ್ತದೆ.

ಆ ಪ್ರಶ್ನೆಯ ಸ್ವರೂಪ ಸರಳ: ‘ತಾಲ್ಲೂಕು = ತ, ಸಂಖ್ಯೆ = ಸ ಆಗಿರುವ ಸಾಲನ್ನು ಕೊಡು.’ ಇಲ್ಲಿನ ತ ಮತ್ತು ಸ ಬೀಜಗಣಿತದ ಚರಾಕ್ಷರಗಳಿದ್ದಂತೆ. ವಾಕ್ಯ ಒಂದೇ ಇರುತ್ತದೆ, ಚರದ ಬೆಲೆ ಮಾತ್ರ ಪ್ರತಿಸಲವೂ ಬದಲಾಗುತ್ತದೆ. ವಾಕ್ಯದ ವ್ಯಾಕರಣ ತಪ್ಪಿದರೆ ಗಣಕಯಂತ್ರ ಕೂಡಲೇ ತಕರಾರು ಮಾಡುತ್ತದೆ. ಚರದ ಬೆಲೆ ತಪ್ಪಿದರೆ ಮಾತ್ರ ಏನೂ ಹೇಳುವುದಿಲ್ಲ. ಹೊಂದುವ ಸಾಲು ಸೊನ್ನೆ ಎಂದು ಲೆಕ್ಕ ಒಪ್ಪಿಸಿ ಸುಮ್ಮನಾಗುತ್ತದೆ. ಮೌನವಾಗಿ ಆಗುವ ಈ ತಪ್ಪೇ ಹೆಚ್ಚು ಅಪಾಯಕಾರಿ.

ಇಳಕಲ್ ಸೀರೆಯ ಒಡಲಿಗೂ ಸೆರಗಿಗೂ ಬೇರೆ ಬೇರೆ ಹಾಸು. ಎರಡನ್ನೂ ಕೊಂಡಿ ಹಾಕಿ ಕೂಡಿಸುತ್ತಾರೆ. ಒಂದು ಕೊಂಡಿ ತಪ್ಪಿದರೆ ಕುಂದು ಒಡಲಿನದೂ ಅಲ್ಲ, ಸೆರಗಿನದೂ ಅಲ್ಲ, ಕೂಡುವ ಜಾಗದ್ದು. ಜಾಲಪುಟ ಮತ್ತು ದತ್ತಸಂಚಯದ ನಡುವೆ ಚರವೇ ಆ ಕೊಂಡಿ. ಹುಡುಕಾಟ ಅಲ್ಲಿಂದಲೇ ಶುರುವಾಗಬೇಕು.

ಹುಡುಕುವ ಕ್ರಮ ಹೀಗೆ. ಮೊದಲು, ಪ್ರಶ್ನೆ ಹೊರಡುವ ಮುನ್ನ ಚರದ ಬೆಲೆಯನ್ನು ತೆರೆಯ ಮೇಲೆ ಮುದ್ರಿಸಿ ನೋಡಬೇಕು, ಅದೂ ಎರಡೂ ಬದಿಗೆ ಕಂಸ ಹಾಕಿ. [ಬಾದಾಮಿ] ಬೇರೆ, [ಬಾದಾಮಿ ] ಬೇರೆ. ಕೊನೆಯ ಖಾಲಿ ಜಾಗ ಕಂಸವಿಲ್ಲದೆ ಕಣ್ಣಿಗೆ ಬೀಳದು. ಎರಡನೆಯದಾಗಿ, ಚರವನ್ನು ತೆಗೆದು ಅದರ ಜಾಗದಲ್ಲಿ ದತ್ತಸಂಚಯದಲ್ಲೇ ಇರುವ ಒಂದು ಬೆಲೆಯನ್ನು ಬರೆದು ಕೇಳಬೇಕು. ಆಗ ಉತ್ತರ ಬಂದರೆ ವಾಕ್ಯ ಸರಿ, ದೋಷ ಚರದಲ್ಲಿ. ಮೂರನೆಯದಾಗಿ, ನಾಲ್ಕು ಚರಗಳಿದ್ದರೆ ಒಮ್ಮೆಗೆ ಒಂದನ್ನೇ ಬದಲಿಸಬೇಕು. ಪ್ರಯೋಗಶಾಲೆಯ ನಿಯಮವೂ ಇದೇ ಅಲ್ಲವೇ?

ಈ ಕ್ರಮದಿಂದ ಎಂಥ ಕುಂದುಗಳು ಹೊರಬೀಳುತ್ತವೆ ಎಂಬುದಕ್ಕೆ ಬಾಗಲಕೋಟೆ ಜಿಲ್ಲೆಯ ಊರ ಹೆಸರುಗಳೇ ಸಾಕು. ‘ಬಾಗಲಕೋಟೆ’ಯ ‘ಕೋ’ ಅಕ್ಷರದ ಸ್ವರಚಿಹ್ನೆಯನ್ನು ಯೂನಿಕೋಡ್ ಪದ್ಧತಿಯಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಬಿಡಿ ಸಂಕೇತಗಳಾಗಿಯೂ ಬರೆಯಬಹುದು. ಓದುವವರಿಗೆ ಎರಡೂ ಒಂದೇ. ಎಣಿಸಿದರೆ ಒಂದರಲ್ಲಿ 8 ಸಂಕೇತ, ಇನ್ನೊಂದರಲ್ಲಿ 10. ಎರಡನ್ನೂ ಒಂದೇ ರೂಪಕ್ಕೆ ತಂದು ಹೋಲಿಸದಿದ್ದರೆ ಗಣಕಯಂತ್ರಕ್ಕೆ ಅವು ಬೇರೆ ಬೇರೆ ಊರು!

‘ಹುನಗುಂದ’ದ ತೊಡಕು ಇನ್ನೂ ಸೂಕ್ಷ್ಮ. ಅವಸರದಲ್ಲಿ ಅನುಸ್ವಾರದ ಬದಲು ಕನ್ನಡದ ಸೊನ್ನೆಯನ್ನು ಒತ್ತುವವರು ಅನೇಕರು. ಎರಡೂ ದುಂಡಗೆ ಕಾಣುತ್ತವೆ, ಎಣಿಕೆಯೂ ಅಷ್ಟೇ ಬರುತ್ತದೆ. ಸಂಕೇತಸಂಖ್ಯೆ ಮುದ್ರಿಸಿದಾಗ ಮಾತ್ರ ಗುಟ್ಟು ರಟ್ಟು: ಅನುಸ್ವಾರದ್ದು 3202, ಸೊನ್ನೆಯದು 3302.

ಖಾಲಿ ಉತ್ತರಕ್ಕಿಂತ ಕೆಟ್ಟದ್ದು ತಪ್ಪು ಉತ್ತರ. ಬಾದಾಮಿಯ ಬಂಡೆಯ ಮೇಲೆ ಒಂದನೆಯ ಪುಲಕೇಶಿಯ ಶಾಸನವಿದೆ, ಶಕವರ್ಷ 465ರದು. ಮೂರನೆಯ ಗುಹೆಯಲ್ಲಿ ಮಂಗಲೇಶನ ಶಾಸನವಿದೆ, ಶಕವರ್ಷ 500ರದು. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿ.ಶ. 543 ಮತ್ತು 578. ಶಾಲೆಯ ಮಕ್ಕಳು ಶಾಸನಗಳ ಪುಟ ಮಾಡುವಾಗ ಶಕವರ್ಷವನ್ನೇ ತುಂಬಿಟ್ಟು, ‘ಕ್ರಿ.ಶ. 500ರಿಂದ 600ರವರೆಗಿನವು ಯಾವುವು?’ ಎಂದು ಕೇಳಿದರೆ ಪುಲಕೇಶಿಯ ಶಾಸನ ಬಿಟ್ಟುಹೋಗುತ್ತದೆ. ಮಂಗಲೇಶನದು ಬರುತ್ತದೆ, ಆದರೆ 78 ವರ್ಷ ಹಳೆಯದಾಗಿ. ಉತ್ತರ ಬಂತಲ್ಲ ಎಂದು ಯಾರೂ ಪರೀಕ್ಷಿಸುವುದಿಲ್ಲ. ಉತ್ತರ ಗೊತ್ತಿರುವ ಪ್ರಶ್ನೆಯನ್ನೇ ಮೊದಲು ಕೇಳಿ ನೋಡುವುದು ಇದಕ್ಕೆ ಮದ್ದು.

ಈಗ ಮೊದಲಿನ ವಿದ್ಯಾರ್ಥಿನಿಯ ಸಂಗತಿ. ಬಾಗಲಕೋಟೆ 1997ರ ಆಗಸ್ಟ್ 15ರಂದು ವಿಜಾಪುರದಿಂದ ಬೇರೆಯಾಗಿ ಜಿಲ್ಲೆಯಾಯಿತು. ಆಗ ಇಳಕಲ್ ಹುನಗುಂದ ತಾಲ್ಲೂಕಿಗೆ ಸೇರಿತ್ತು. ಈಗ ಇಳಕಲ್ ತಾನೇ ಒಂದು ತಾಲ್ಲೂಕು. ಹುಡುಗಿ ‘ಇಳಕಲ್’ ಎಂದು ತುಂಬಿದ್ದು ಸರಿ. ದತ್ತಸಂಚಯದ ಹಳೆಯ ಸಾಲಿನಲ್ಲಿ ಅವಳ ಊರಿನ ಮುಂದೆ ‘ಹುನಗುಂದ’ ಎಂದು ಉಳಿದಿದ್ದರೆ ಎರಡೂ ಹೇಗೆ ಕೂಡಬೇಕು? ಹೆಸರುಗಳು ಬದಲಾಗುತ್ತವೆ, ಬದಲಾಗದ ಸಂಕೇತಸಂಖ್ಯೆಯನ್ನು ಊರಿಗೆ ಕೊಟ್ಟು ಅದರಿಂದಲೇ ಹುಡುಕುವುದು ಜಾಣತನ.

ಒಂದು ಎಚ್ಚರಿಕೆಯ ಮಾತು. ಬಳಕೆದಾರ ಬರೆದದ್ದನ್ನು ಹಾಗೆಯೇ ಪ್ರಶ್ನೆಯ ವಾಕ್ಯಕ್ಕೆ ಅಂಟಿಸಬಾರದು. ದುರುದ್ದೇಶದವರು ಹೆಸರಿನ ಜಾಗದಲ್ಲಿ ಆಜ್ಞೆಯನ್ನೇ ಬರೆದು ದತ್ತಸಂಚಯವನ್ನು ಹಾಳುಮಾಡಬಲ್ಲರು. ವಾಕ್ಯವನ್ನೂ ಬೆಲೆಯನ್ನೂ ಬೇರೆ ಬೇರೆಯಾಗಿ ಕಳುಹಿಸುವ ವಿಧಾನವನ್ನೇ ಮಕ್ಕಳು ಮೊದಲಿನಿಂದ ರೂಢಿಸಿಕೊಳ್ಳಬೇಕು. ಪರೀಕ್ಷೆಗೆಂದು ಮುದ್ರಿಸಿದ ಸಾಲುಗಳನ್ನೂ ಕೆಲಸ ಮುಗಿದ ಮೇಲೆ ಅಳಿಸಬೇಕು.

ಪಾಲಕರು ತಿಳಿಯಬೇಕಾದದ್ದು ಇಷ್ಟೆ. ತೆರೆಯ ಮೇಲಿನ ‘ಇಲ್ಲ’ ಕೊನೆಯ ತೀರ್ಪಲ್ಲ. ತುಂಬಿದ್ದನ್ನು ಅಕ್ಷರಕ್ಕೆ ಅಕ್ಷರ ತಾಳೆ ನೋಡಿ, ಹಳೆಯ ತಾಲ್ಲೂಕಿನ ಹೆಸರಿನಿಂದಲೂ ಹುಡುಕಿ, ಆಮೇಲೂ ಸಿಗದಿದ್ದರೆ ಅರ್ಜಿಯ ರಸೀದಿ ಹಿಡಿದು ಕಚೇರಿಯಲ್ಲಿ ವಿಚಾರಿಸಬೇಕು. ಮುಂದೆ ಇಂಥ ಪುಟಗಳನ್ನು ಬರೆಯಲಿರುವ ಮಕ್ಕಳು ‘ದಾಖಲೆ ಇಲ್ಲ’ ಎಂದು ಬರೆಯದಿರಲಿ. ‘ತಾಲ್ಲೂಕು ಇಳಕಲ್, ಸಂಖ್ಯೆ ಇಂತಿಷ್ಟು, ಈ ವಿವರಕ್ಕೆ ಹೊಂದುವುದು ಸಿಗಲಿಲ್ಲ’ ಎಂದು ಬರೆಯಲಿ. ಆಗ ತಪ್ಪು ಎಲ್ಲಿದೆ ಎಂಬುದು ಅಪ್ಪನಿಗೂ ಕಾಣುತ್ತದೆ.

ಮಾಡಿ ನೋಡಿ: ಶಾಲೆಯ ಗಣಕಯಂತ್ರದಲ್ಲಿ ‘ಹುನಗುಂದ’ ಎಂದು ಒಮ್ಮೆ ಅನುಸ್ವಾರದಿಂದ, ಒಮ್ಮೆ ಕನ್ನಡದ ಸೊನ್ನೆಯಿಂದ ಬರೆಯಿರಿ. ಒಂದನ್ನು ಹುಡುಕಲು ಹೇಳಿ, ಎಷ್ಟು ಸಿಕ್ಕವು ಎಂದು ಎಣಿಸಿ.