ಬೆಕ್ಕನ್ನು ಹೊರಗೆ ಕಳಿಸುವುದು ಬಾಣಂತನದ ಸಿದ್ಧತೆಯಲ್ಲ

ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ ವರ್ಷಕ್ಕೆ ಎರಡು ಮೂರು ಬಾರಿಯಾದರೂ ಒಂದೇ ಬಗೆಯ ಪ್ರಕಟಣೆ ಕಾಣಿಸಿಕೊಳ್ಳುತ್ತದೆ. ನಾಲ್ಕು ವರ್ಷದ ಬೆಕ್ಕು, ಎಲ್ಲ ಲಸಿಕೆಗಳೂ ಆಗಿವೆ, ಬಹಳ ಸಾಧು, ಮನೆಗೆ ಮಗು ಬರುತ್ತಿರುವುದರಿಂದ ಉಚಿತವಾಗಿ ಕೊಡಲಾಗುವುದು. ಜೊತೆಗೆ, ಕಿಟಕಿಯ ಬಳಿ ಬಿಸಿಲು ಕಾಯಿಸುತ್ತ ಕುಳಿತ ಬೆಕ್ಕಿನದೊಂದು ಚಿತ್ರ. ಅದರ ಕೆಳಗೆ ಸಾಲುಸಾಲು ಅಭಿನಂದನೆಗಳು, ಎಲ್ಲವೂ ಮಗುವಿಗೆ. ಬೆಕ್ಕು ಏನಾಯಿತೆಂದು ಆಮೇಲೆ ಯಾರೂ ಕೇಳುವುದಿಲ್ಲ.

ಈ ರೂಢಿಯ ವಿರುದ್ಧ ಬರೆಯುತ್ತಿದ್ದೇನೆ. ಹಾಗೆ ಪ್ರಕಟಿಸಿದವರು ಕ್ರೂರಿಗಳೆಂದು ನನ್ನ ಅಭಿಪ್ರಾಯವಲ್ಲ. ಮೊದಲ ಬಸುರಿನ ಭಯ ಎಂಥದ್ದೆಂಬುದನ್ನು ಬಲ್ಲೆ. ಆದರೆ ವಿಚಾರಿಸಿದಾಗ ಅವರು ಎರಡು ಪ್ರಮಾಣಗಳನ್ನು ಮುಂದಿಡುತ್ತಾರೆ: ಡಾಕ್ಟರು ಹೇಳಿದರು, ಊರಿನಿಂದ ಅಮ್ಮ ಹೇಳಿದರು. ಎರಡನ್ನೂ ಪರಿಶೀಲಿಸಬೇಕಾಗಿದೆ.

ಮೊದಲು ಡಾಕ್ಟರ ಮಾತು. ಎಂ.ಬಿ.ಬಿ.ಎಸ್. ಓದುವಾಗ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಜೀವಿಯ ಜೀವನಚಕ್ರವನ್ನು ನಾವೆಲ್ಲ ಚಿತ್ರಸಮೇತ ಕಂಠಪಾಠ ಮಾಡುತ್ತೇವೆ. ಚಿತ್ರದಲ್ಲಿ ಒಂದು ಬೆಕ್ಕು, ಸುತ್ತ ಹತ್ತಾರು ಬಾಣಗಳು. ಪರೀಕ್ಷೆ ಮುಗಿದ ಮೇಲೆ ಬಾಣಗಳು ಮರೆತುಹೋಗುತ್ತವೆ, ಬೆಕ್ಕು ಮಾತ್ರ ಉಳಿಯುತ್ತದೆ. ವೃತ್ತಿಯ ಆರಂಭದ ದಿನಗಳಲ್ಲಿ ಊರಿನಲ್ಲಿ ಗರ್ಭಿಣಿಯೊಬ್ಬರಿಗೆ "ಬೆಕ್ಕಿದ್ದರೆ ಕಳಿಸಿಬಿಡಿ ತಾಯಿ" ಎಂದಷ್ಟೇ ಹೇಳಿ ಮುಂದಿನ ಚೀಟಿಯವರನ್ನು ಕರೆದದ್ದು ನನಗೆ ನೆನಪಿದೆ. ಅದು ವೈದ್ಯಕೀಯ ಸಲಹೆಯಾಗಿರಲಿಲ್ಲ, ಬರಿಯ ಅವಸರವಾಗಿತ್ತು.

ಅಂದು ಹೇಳಬೇಕಾಗಿದ್ದುದು ಇಷ್ಟು. ಗರ್ಭಾವಸ್ಥೆಯಲ್ಲಿ ಮೊದಲ ಬಾರಿಗೆ ಈ ಸೋಂಕು ತಗುಲಿದರೆ ಮಗುವಿನ ಕಣ್ಣಿಗೆ, ಮಿದುಳಿಗೆ ಹಾನಿಯಾಗಬಹುದು. ಭಯ ಸುಳ್ಳಲ್ಲ. ಆದರೆ ಬೆಕ್ಕಿಗೆ ಈ ಸೋಂಕು ಬರುವುದು ಇಲಿ, ಹಕ್ಕಿ ಅಥವಾ ಹಸಿ ಮಾಂಸವನ್ನು ತಿಂದಾಗ. ಸೋಂಕು ತಗುಲಿದ ಬೆಕ್ಕು ಸಾಮಾನ್ಯವಾಗಿ ಜೀವಮಾನದಲ್ಲಿ ಒಂದೇ ಬಾರಿ, ಒಂದರಿಂದ ಮೂರು ವಾರಗಳ ಕಾಲ, ಮಲದಲ್ಲಿ ರೋಗಕೋಶಗಳನ್ನು ಹೊರಹಾಕುತ್ತದೆ. ಆ ಕೋಶಗಳಿಗೆ ಸೋಂಕು ಹರಡುವ ಶಕ್ತಿ ಬರಲು 1ರಿಂದ 5 ದಿನ ಬೇಕು. ಆದ್ದರಿಂದ ಲಿಟರ್ ಬಾಕ್ಸನ್ನು ಪ್ರತಿದಿನವೂ, ಗರ್ಭಿಣಿಯಲ್ಲದ ಇನ್ನೊಬ್ಬರು, ಎಂದರೆ ಮನೆಯ ಯಜಮಾನರು, ಶುಚಿಗೊಳಿಸಿದರೆ ಅಪಾಯ ಬಹುತೇಕ ತೀರಿತು. ಮಿಸಿಸಾಗಾದ ಕಾಂಡೋದ ಹದಿನಾಲ್ಕನೆಯ ಅಂತಸ್ತಿನಲ್ಲಿ ಚೀಲದ ಆಹಾರ ತಿಂದು ಮಲಗುವ ಬೆಕ್ಕಿಗೆ ಇಲಿ ಸಿಗುವುದಾದರೂ ಎಲ್ಲಿ?

ಯುರೋಪಿನ ಆರು ನಗರಗಳ ಗರ್ಭಿಣಿಯರ ಅಧ್ಯಯನವೊಂದು 2000ದಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಅಲ್ಲಿನ ಸೋಂಕುಗಳಲ್ಲಿ ಶೇ. 30ರಿಂದ 63ರಷ್ಟಕ್ಕೆ ಸರಿಯಾಗಿ ಬೇಯದ ಅಥವಾ ಉಪ್ಪಿನಲ್ಲಿ ಸಂಸ್ಕರಿಸಿದ ಮಾಂಸ ಕಾರಣವೆಂದೂ, ಶೇ. 6ರಿಂದ 17ರಷ್ಟಕ್ಕೆ ಮಣ್ಣಿನ ಸಂಪರ್ಕ ಕಾರಣವೆಂದೂ ಲೆಕ್ಕ ಹಾಕಲಾಯಿತು. ಬೆಕ್ಕಿನೊಡನೆ ಒಡನಾಟವು ಅಪಾಯಕಾರಣವೆಂದು ಕಂಡುಬರಲಿಲ್ಲ. ನಮ್ಮ ದೇಶದಲ್ಲೇ 1995ರಲ್ಲಿ ಬ್ರಿಟಿಷ್ ಕೊಲಂಬಿಯಾದ ವಿಕ್ಟೋರಿಯಾ ನಗರದಲ್ಲಿ ಈ ರೋಗ ಹಬ್ಬಿದಾಗ ಬೆರಳು ನೆಟ್ಟದ್ದು ಕುಡಿಯುವ ನೀರಿನ ಕಡೆಗೆ. ಹೀಗಿರುವಾಗ ಬೇಸಿಗೆಯ ಪಿಕ್ನಿಕ್ಕಿನಲ್ಲಿ ಒಳಗೆ ಇನ್ನೂ ಕೆಂಪಗಿರುವ ಕುರಿಮಾಂಸವನ್ನು ಬಸುರಿಯ ತಟ್ಟೆಗೆ ಬಡಿಸುವವರೂ, ಹಿತ್ತಲಲ್ಲಿ ಬರಿಗೈಯಿಂದ ಕೊತ್ತಂಬರಿಯ ಮಡಿ ಕೆದಕಲು ಬಿಡುವವರೂ ಬೆಕ್ಕನ್ನು ಮಾತ್ರ ಹೊರದೂಡಿ ನಿಶ್ಚಿಂತರಾಗುವುದು ಯಾವ ನ್ಯಾಯ? ಬೆಕ್ಕಿಲ್ಲದ ಸಸ್ಯಾಹಾರಿ ಮನೆಯಲ್ಲೂ ಸೊಪ್ಪನ್ನು ಚೆನ್ನಾಗಿ ತೊಳೆಯಲೇಬೇಕು.

ಇನ್ನು ಅಮ್ಮನ ಮಾತು. ಬಾಣಂತನಕ್ಕೆಂದು ಸೂಪರ್ ವೀಸಾದಲ್ಲಿ ಬಂದಿಳಿಯುವ ಅಮ್ಮನೋ ಅತ್ತೆಯೋ ಮೊದಲ ದಿನವೇ ತೀರ್ಪು ಕೊಡುತ್ತಾರೆ: ಬೆಕ್ಕು ಮಗುವಿನ ಉಸಿರು ಹೀರುತ್ತದೆ, ಅದರ ಕೂದಲು ಹೊಟ್ಟೆಗೆ ಹೋದರೆ ಉಬ್ಬಸ ಬರುತ್ತದೆ. ಅವರ ಕಾಳಜಿಯನ್ನು ಹಗುರವಾಗಿ ಕಾಣಲಾರೆ. ಊರಿನ ಬೆಕ್ಕು ಅಟ್ಟದಲ್ಲಿ ಇಲಿ ಹಿಡಿದು, ಬಚ್ಚಲೊಲೆಯ ಬೂದಿಯಲ್ಲಿ ಮಲಗಿ, ಮರಿ ಕಚ್ಚಿಕೊಂಡು ಏಳು ಮನೆ ತಿರುಗುವ ಪ್ರಾಣಿ. ಅದನ್ನು ಗದರಿಸಿ ಓಡಿಸಿದರೆ ಪಕ್ಕದ ಮನೆಯಲ್ಲಿ ಹಾಲು ಹುಡುಕಿಕೊಳ್ಳುತ್ತಿತ್ತು. ಬ್ರಾಂಪ್ಟನ್ನಿನ ಜನವರಿಯಲ್ಲಿ, ಒಂದು ದಿನವೂ ಹೊಸ್ತಿಲು ದಾಟದ ಬೆಕ್ಕಿಗೆ ಏಳು ಮನೆಗಳಿಲ್ಲ. ಒಂದೇ ಮನೆ, ಅದು ನಿಮ್ಮದು.

ಸಂಪ್ರದಾಯದ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಮಗು ಹುಟ್ಟಿದ ಆರನೆಯ ರಾತ್ರಿ ಹಣೆಬರಹ ಬರೆಯಲು ಸಟವಿ ಬರುತ್ತಾಳೆಂದು ಉತ್ತರ ಕರ್ನಾಟಕದ ಮನೆಗಳಲ್ಲಿ ನಂಬುತ್ತಾರೆ. ಬಂಗಾಳದಲ್ಲಿ ಅದೇ ಆರನೆಯ ದಿನದ ದೇವತೆ ಷಷ್ಠೀದೇವಿ, ಮಕ್ಕಳನ್ನು ಕಾಯುವವಳು. ಅವಳ ವಾಹನ ಬೆಕ್ಕು. ಅಲ್ಲಿನ ವ್ರತಕಥೆಯಲ್ಲಿ ಕಿರಿಯ ಸೊಸೆ ಅಡುಗೆಮನೆಯಲ್ಲಿ ತಾನೇ ಕದ್ದು ತಿಂದು ಅಪವಾದವನ್ನು ಬೆಕ್ಕಿನ ಮೇಲೆ ಹೊರಿಸುತ್ತಾಳೆ. ಬೆಕ್ಕು ದೇವಿಗೆ ದೂರು ಕೊಡುತ್ತದೆ, ಸೊಸೆಗೆ ಹುಟ್ಟಿದ ಮಕ್ಕಳು ಕಾಣೆಯಾಗುತ್ತಾರೆ.

ನಮ್ಮ ಮನೆಗಳಲ್ಲೂ ಅಪವಾದ ಬೆಕ್ಕಿಗೇ. ಉಬ್ಬಸದ ಹೆದರಿಕೆಯಿಂದ ಬೆಕ್ಕನ್ನು ಕಳಿಸಿದ ಮನೆಯಲ್ಲಿಯೇ ಎಣ್ಣೆನೀರು ಹಾಕಿದ ಮೇಲೆ ಮಗುವಿನ ತಲೆಗೆ ಸಾಂಬ್ರಾಣಿ ಹೊಗೆ ಹಿಡಿಯುತ್ತಾರೆ, ಸ್ಮೋಕ್ ಅಲಾರಂ ಕೂಗಿಕೊಂಡರೂ. ಉಸಿರು ಕಟ್ಟೀತೆಂಬ ಭಯ, ಆದರೆ ತೊಟ್ಟಿಲಲ್ಲಿ ರಾಗಿ ದಿಂಬು, ಮೇಲೆ ಎರಡು ಹೊದಿಕೆ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಕೊಡಬಾರದೆಂದು, ಅದರಿಂದ ಬಾಟ್ಯುಲಿಸಂ ಬರಬಹುದೆಂದು ಹೆಲ್ತ್ ಕೆನಡಾ ಹೇಳುತ್ತಲೇ ಇದೆ. ನಾವು ನೆಕ್ಕಿಸುತ್ತಲೇ ಇದ್ದೇವೆ.

ಬೆಕ್ಕು ಉಸಿರು ಹೀರುವುದಿಲ್ಲ. ಆದರೆ ಅಜ್ಜಿಯ ಮಾತಿನಲ್ಲಿ ಒಂದು ಕಾಳು ಸತ್ಯವಿದೆ. ಬೆಕ್ಕು ಬೆಚ್ಚಗಿನ ಜಾಗ ಹುಡುಕುತ್ತದೆ, ಮುಖದ ಪಕ್ಕ ಬಂದು ಮಲಗಿದರೆ ಹಸುಗೂಸಿಗೆ ಕತ್ತು ಹೊರಳಿಸಲಾಗದು. ಆದ್ದರಿಂದ ಮಗು ಮಲಗುವ ಕೋಣೆಗೆ ನಿದ್ರೆಯ ಹೊತ್ತಿನಲ್ಲಿ ಬೆಕ್ಕಿನ ಪ್ರವೇಶವಿಲ್ಲ, ಇದರಲ್ಲಿ ರಿಯಾಯಿತಿಯಿಲ್ಲ. ತೊಟ್ಟಿಲಿನ ಮೇಲೆ ಬಲೆ ಕಟ್ಟುವುದು ಪರಿಹಾರವಲ್ಲ. ಬೆಕ್ಕಿನ ಭಾರಕ್ಕೆ ಅದು ಜಗ್ಗುತ್ತದೆ, ಮಗು ಸಿಕ್ಕಿಕೊಳ್ಳಬಹುದು. ಅಲರ್ಜಿಯ ಮೂಲ ಕೂದಲಲ್ಲ, ಬೆಕ್ಕಿನ ಜೊಲ್ಲು ಮತ್ತು ಚರ್ಮದಲ್ಲಿರುವ ಪ್ರೋಟೀನು. ವಿಂಡ್ಸರಿನ ಎದುರು ದಡದ ಡೆಟ್ರಾಯ್ಟ್ ಪ್ರದೇಶದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ವರ್ಷ ಎರಡು ಅಥವಾ ಹೆಚ್ಚು ನಾಯಿಬೆಕ್ಕುಗಳೊಡನೆ ಬೆಳೆದ ಮಕ್ಕಳಲ್ಲಿ ಆರೇಳನೆಯ ವಯಸ್ಸಿಗೆ ಅಲರ್ಜಿಯ ಲಕ್ಷಣಗಳು ಪರೀಕ್ಷೆಯಲ್ಲಿ ಕಡಿಮೆಯೇ ಇದ್ದವು. ನಂತರದ ಅಧ್ಯಯನಗಳೆಲ್ಲ ಒಂದೇ ದಿಕ್ಕಿನಲ್ಲಿಲ್ಲ, ಆದ್ದರಿಂದ ಮದ್ದೆಂದು ಬೆಕ್ಕು ತರಬೇಡಿ. ಕಳಿಸುವುದಕ್ಕೂ ಅದು ಆಧಾರವಾಗದು.

ನಿಜವಾದ ಸಿದ್ಧತೆಗೆ ತಿಂಗಳುಗಳು ಬೇಕು. ಅದನ್ನು ತಪ್ಪಿಸಿಕೊಳ್ಳಲೆಂದೇ ನಾವು ಒಂದು ದಿನದ ಉಪಾಯ ಹುಡುಕುತ್ತೇವೆ ಎಂಬುದು ನನ್ನ ಆಕ್ಷೇಪಣೆ. ಇಲ್ಲಿ ಮಗು ಮೊದಲ ಆರು ತಿಂಗಳು ತಂದೆತಾಯಿಯ ಕೋಣೆಯಲ್ಲೇ, ತನ್ನದೇ ತೊಟ್ಟಿಲಲ್ಲಿ ಮಲಗಬೇಕೆನ್ನುತ್ತಾರೆ. ನಿಮ್ಮ ಬೆಕ್ಕು ಇಷ್ಟು ವರ್ಷ ನಿಮ್ಮ ಕಾಲಬುಡದಲ್ಲಿ ಮಲಗಿದೆ. ಹೆರಿಗೆಯ ರಾತ್ರಿ ಬಾಗಿಲು ಹಾಕಿದರೆ ಅದು ಬೆಳಗಿನವರೆಗೂ ಕೂಗಿ ಬಾಗಿಲು ಕೆರೆಯುತ್ತದೆ, ಮೂರನೆಯ ದಿನಕ್ಕೆ ಪ್ರಕಟಣೆ ಸಿದ್ಧವಾಗುತ್ತದೆ. ಐದನೆಯ ತಿಂಗಳಿನಲ್ಲೇ ಬಾಗಿಲು ಹಾಕಲು ಆರಂಭಿಸಿ. ಹೊರಗೆ ಅದಕ್ಕೊಂದು ಎತ್ತರದ, ಬೆಚ್ಚಗಿನ ಜಾಗ ಮಾಡಿಕೊಡಿ. ಲಿಟರ್ ಬಾಕ್ಸ್ ಬೇರೆಡೆಗೆ ಹೋಗಬೇಕಿದ್ದರೆ ದಿನಕ್ಕೆ ಒಂದೆರಡು ಅಡಿಯಂತೆ ಸರಿಸಿ. ಒಮ್ಮೆಲೇ ಬೇಸ್‌ಮೆಂಟಿಗೆ ಇಳಿಸಿದರೆ ಅದು ಕಾರ್ಪೆಟ್ಟನ್ನೇ ಆರಿಸಿಕೊಳ್ಳುತ್ತದೆ. ತೊಟ್ಟಿಲನ್ನು ವಾರಗಳ ಮೊದಲೇ ಜೋಡಿಸಿ, ಬೆಕ್ಕು ಮೂಸಿ ನೋಡಲಿ, ಹತ್ತಲು ಬಿಡಬೇಡಿ. ಮಗುವಿನ ಅಳುವಿನ ಧ್ವನಿಮುದ್ರಣವನ್ನು ಮೆಲ್ಲಗೆ ಹಾಕಿ, ಅದೇ ಹೊತ್ತಿಗೆ ತಿನಿಸು ಕೊಡಿ, ದಿನದಿನಕ್ಕೂ ಧ್ವನಿ ಸ್ವಲ್ಪ ಹೆಚ್ಚಿಸಿ. ಊಟ ಹಾಕುವ, ಆಡಿಸುವ ಕೆಲಸ ಬಾಣಂತಿಯಾಗುವವಳ ಕೈಯಿಂದ ಇನ್ನೊಬ್ಬರ ಕೈಗೆ ನಿಧಾನವಾಗಿ ದಾಟಲಿ. ಪಶುವೈದ್ಯರಲ್ಲಿ ತಪಾಸಣೆ, ಜಂತುವಿನ ಔಷಧಿ ಆಗಲಿ. ರೇಬೀಸ್ ಲಸಿಕೆಯಂತೂ ಒಂಟಾರಿಯೋದಲ್ಲಿ ಕಾನೂನಿನಂತೆ ಕಡ್ಡಾಯ.

ಮಗು ಹುಟ್ಟಿದ ಮೇಲೆ ಅದನ್ನು ಸುತ್ತಿದ್ದ ಬಟ್ಟೆಯೊಂದನ್ನು ಮನೆಗೆ ಮೊದಲೇ ಕಳಿಸಿ, ಬೆಕ್ಕು ಮೂಸಲಿ. ಆಸ್ಪತ್ರೆಯಿಂದ ಬಂದಾಗ ಆರತಿಯ ಗದ್ದಲ ಮುಗಿದ ನಂತರ ತಾಯಿ ಬರಿಗೈಯಲ್ಲಿ ಬೆಕ್ಕನ್ನು ಮಾತಾಡಿಸಲಿ, ಮಗು ಇನ್ನೊಬ್ಬರ ತೋಳಿನಲ್ಲಿರಲಿ. ಬೆಕ್ಕನ್ನು ಎತ್ತಿ ಮಗುವಿನ ಮುಖಕ್ಕೆ ಹಿಡಿಯಬೇಡಿ, ಫೋಟೋಕ್ಕೂ ಬೇಡ. ಆ ದಿನಗಳಲ್ಲಿ ಬೆಕ್ಕು ಹೊರಗೆಲ್ಲೋ ಮೂತ್ರ ಮಾಡಿದರೆ ಅದು ಸೇಡಲ್ಲ, ಕಳವಳ ಅಥವಾ ಕಾಯಿಲೆ. ಗಂಡುಬೆಕ್ಕು ತಿಣುಕಿಯೂ ಮೂತ್ರ ಬಾರದಿದ್ದರೆ ಕೂಡಲೇ ಪಶುವೈದ್ಯರಲ್ಲಿಗೆ ಒಯ್ಯಿರಿ, ನಾಳೆಗೆ ಬಿಡಬೇಡಿ. ಮಗುವಿಗೆ ಪರಚಿದರೆ ಸೋಪುನೀರಿನಲ್ಲಿ ತೊಳೆಯಿರಿ. ಕಚ್ಚಿದರೆ ಗಾಯ ಸಣ್ಣದಿದ್ದರೂ ಅಂದೇ ವೈದ್ಯರಿಗೆ ತೋರಿಸಿ.

ಕೆಲವು ಮನೆಗಳಲ್ಲಿ ಬೆಕ್ಕನ್ನು ಕೊಡುವುದು ಅನಿವಾರ್ಯವೂ ಆಗಬಹುದು. ದೊಡ್ಡ ಮಗುವಿಗೆ ಪರೀಕ್ಷೆಯಿಂದ ದೃಢಪಟ್ಟ ತೀವ್ರ ಅಲರ್ಜಿಯಿರಬಹುದು, ಬೆಕ್ಕು ನಿಜವಾಗಿಯೂ ಮೇಲೆ ಬೀಳುವ ಸ್ವಭಾವದ್ದಿರಬಹುದು. ಆಗ ಟೊರೊಂಟೊ ಹ್ಯೂಮೇನ್ ಸೊಸೈಟಿ ಅಥವಾ ನಿಮ್ಮ ನಗರದ ಪ್ರಾಣಿ ಸೇವಾ ವಿಭಾಗವನ್ನು ಸಾಕಷ್ಟು ಮೊದಲೇ ಸಂಪರ್ಕಿಸಿ. ಪಾರ್ಕಿನ ಅಂಚಿನಲ್ಲಿ ಬಿಟ್ಟುಬರುವುದು ಪಾಪವಷ್ಟೇ ಅಲ್ಲ. ಪ್ರಾಣಿಯನ್ನು ಸಂಕಟಕ್ಕೆ ತಳ್ಳುವುದನ್ನು 2020ರ ಜನವರಿ 1ರಿಂದ ಜಾರಿಯಲ್ಲಿರುವ ಒಂಟಾರಿಯೋದ ಪ್ರಾಣಿ ಕಲ್ಯಾಣ ಕಾಯಿದೆ ಶಿಕ್ಷಾರ್ಹಗೊಳಿಸಿದೆ.

ಮುಂದಿನ ಕಾರ್ಯಕ್ರಮದಲ್ಲಿ ಎಂದಿನಂತೆ ಆರೋಗ್ಯ ಮಾಹಿತಿಯ ಮೇಜಿನ ಬಳಿ ಇರುತ್ತೇನೆ. ಬೆಕ್ಕಿರುವ ಗರ್ಭಿಣಿಯರು ಬರಲಿ. ಊರಿನಿಂದ ಅಮ್ಮ ಬಂದಿದ್ದರೆ ಅವರನ್ನೂ ಕರೆತನ್ನಿ, ಕುರ್ಚಿ ಅವರಿಗೇ ಮೊದಲು.