ಕಟ್ಟು ಬಿಚ್ಚುವ ವ್ರತ

ಕಳೆದ ತಿಂಗಳು ಮೂಡಿಗೆರೆ ಸೀಮೆಯ ತೋಟದ ಮನೆಯಲ್ಲಿ ನಮ್ಮ ದೊಡ್ಡಮ್ಮ ತೀರಿಕೊಂಡರು. ಎಂಬತ್ತಾರು ವರ್ಷಗಳ ತುಂಬು ಬಾಳು. ಮಗ ಕಿವಿಯ ಬಳಿ ಪಂಚನಮಸ್ಕಾರ ಹೇಳುತ್ತಿದ್ದಂತೆಯೇ ಉಸಿರು ನಿಂತಿತು. ನೆಂಟರಿಷ್ಟರು ಬರತೊಡಗಿದಾಗ, ಅಂಗಳದಲ್ಲಿ ಓಡಾಡಿಕೊಂಡಿದ್ದ ಅವರ ನಾಲ್ಕು ನಾಯಿಗಳನ್ನು ಕೊಟ್ಟಿಗೆಯ ಕಂಬಕ್ಕೆ ಕಟ್ಟಿದವನು ನಾನೇ. ಸೂತಕದ ಗಡಿಬಿಡಿಯಲ್ಲಿ ಅವುಗಳ ನೆನಪು ಯಾರಿಗೂ ಉಳಿಯಲಿಲ್ಲ. ಮರುದಿನ ಸಂಜೆ, ತೋಟದಲ್ಲಿ ಬಹುಕಾಲದಿಂದ ದುಡಿಯುವ ಹಿರಿಯಾಕೆಯೊಬ್ಬರು ಬಂದು, ‘ಅಮ್ಮೋರು ಇದ್ದಿದ್ರೆ ಹೀಗೆ ಕಟ್ಟೋಕೆ ಬಿಡ್ತಿದ್ರಾ ಅಯ್ಯಾ?’ ಎಂದು ಕೇಳಿ, ತಾವೇ ಸರಪಳಿ ಬಿಚ್ಚಿದರು. ಅದೇ ಹೊತ್ತಿಗೆ ಒಳಗೆ ನಾವು ದೊಡ್ಡಮ್ಮನ ದಯಾಗುಣವನ್ನು ಕೊಂಡಾಡುತ್ತಿದ್ದೆವು.

ಗೃಹಸ್ಥನ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರವು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಹೊರಿಸುವುದು, ಅನ್ನ ನೀರು ತಡೆಯುವುದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದ ಅಭಿಪ್ರಾಯವೂ ಇದೇ. ಈ ಐದರಲ್ಲಿ ಒಂದೂ ಶತ್ರುವಿನ ಮೇಲೆ ನಡೆಸುವ ಹಿಂಸೆಯಲ್ಲ ಎಂಬುದನ್ನು ಗಮನಿಸಬೇಕು. ಇವೆಲ್ಲ ನಮ್ಮ ಕೈಕೆಳಗಿರುವ, ನಮ್ಮ ಅನ್ನವನ್ನೇ ನಂಬಿರುವ ಜೀವಗಳಿಗೆ ನಾವು ಮಾಡುವ ಅಪಚಾರಗಳು. ಅಹಿಂಸೆಯ ಪರೀಕ್ಷೆ ರಣರಂಗದಲ್ಲಿ ನಡೆಯುವುದಿಲ್ಲ. ಮನೆಯ ಅಂಗಳದಲ್ಲಿ ನಡೆಯುತ್ತದೆ. ಆ ಪಟ್ಟಿಯಲ್ಲಿ ಮೊದಲು ನಿಂತಿರುವುದೇ ಬಂಧ.

ದೊಡ್ಡಮ್ಮ ಶಾಸ್ತ್ರ ಓದಿದವರಲ್ಲ. ಬಸದಿಯಲ್ಲಿ ಕೇಳಿದ್ದನ್ನು ಮನೆಗೆ ತಂದವರು. ದೊಡ್ಡ ಸಂಸಾರವನ್ನು ಅವರು ನಡೆಸಿದ್ದು ಈ ಐದು ಅಳತೆಗಳಿಂದ. ಹಣ್ಣು ಕುಯ್ಲಿನ ದಿನಗಳಲ್ಲಿ ಹೆಣ್ಣಾಳುಗಳ ತಲೆಯ ಮೇಲೆ ಭಾರದ ಮೂಟೆ ಕಂಡರೆ ಮೇಸ್ತ್ರಿಯನ್ನು ಗದರುತ್ತಿದ್ದರು. ಸೂರ್ಯಾಸ್ತಕ್ಕೆ ಮುನ್ನ ಉಣ್ಣುವ ಮನೆ ಅದು. ಸೊಸೆಯಂದಿರ ಎಲೆಗೆ ಬಡಿಸಿ, ನಾಯಿಗಳಿಗೆ ಅನ್ನ ಕಲಸಿಟ್ಟ ಮೇಲೆಯೇ ಅವರು ಕೂರುತ್ತಿದ್ದುದು. ‘ನನ್ನ ಹೊಟ್ಟೆ ತುಂಬಿದ ಮೇಲೆ ಇನ್ನೊಬ್ಬರ ಹಸಿವು ನನಗೆ ಕಾಣೋದಿಲ್ಲ ಮಗಾ’ ಎಂಬುದು ಅವರ ವಿವರಣೆ.

2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಂತಹ ಊರುಗಳಲ್ಲಿ ಗುಡ್ಡ ಜರಿದು ಜನ ಮನೆ ತೊರೆದರು. ಆಗಲೇ ಎಂಬತ್ತರ ಅಂಚಿನಲ್ಲಿದ್ದ ದೊಡ್ಡಮ್ಮ ಪರಿಹಾರ ಕೇಂದ್ರವೊಂದರಲ್ಲಿ ಕುಳಿತು ತರಕಾರಿ ಹೆಚ್ಚಿದರು, ಬಾಣಂತಿಯರಿಗೆ ಗಂಜಿ ಕಾಯಿಸಿದರು. ಬಂದವರನ್ನೆಲ್ಲ ಮೊದಲು ಊಟಕ್ಕೆ ಕೂರಿಸಿ, ಅನಂತರ ಕೇಳುತ್ತಿದ್ದ ಪ್ರಶ್ನೆ ಒಂದೇ: ‘ಮನೇಲಿ ದನ, ನಾಯಿ ಕಟ್ಟಿದ್ದನ್ನ ಬಿಚ್ಚಿ ಬಂದ್ರಾ?’ ಸೇವೆಯನ್ನು ವೈಯಾವೃತ್ಯವೆಂದು ಕರೆದು ಅಂತರಂಗ ತಪಸ್ಸುಗಳಲ್ಲಿ ಎಣಿಸಿದೆ ನಮ್ಮ ಪರಂಪರೆ. ಮುನಿಜನರಿಗೆ ಸಲ್ಲುವ ಆ ಸೇವೆಯ ಭಾವವನ್ನು ಅವರು ಕಷ್ಟದಲ್ಲಿರುವ ಎಲ್ಲ ಜೀವಗಳ ಕಡೆಗೂ ಹರಿಸಿದ್ದರು.

ಮಲೆನಾಡಿನಲ್ಲಿ ಹಗಲೆಲ್ಲ ನಾಯಿಯನ್ನು ಸರಪಳಿಯಲ್ಲಿಟ್ಟು, ರಾತ್ರಿ ತೋಟ ಕಾಯಲು ಬಿಡುವುದು ರೂಢಿ. ಹಾಗೆ ಬಿಟ್ಟದ್ದು ಎಷ್ಟೋ ಸಲ ಚಿರತೆಯ ಪಾಲಾಗುತ್ತದೆ. ದೊಡ್ಡಮ್ಮ ಇದನ್ನು ತಿರುವುಮುರುವು ಮಾಡಿದರು: ಹಗಲು ಬಿಡುಗಡೆ, ಕತ್ತಲಾದೊಡನೆ ಕೊಟ್ಟಿಗೆಯೊಳಗೆ ಆಶ್ರಯ. ‘ಕಾಫಿ ಕದ್ದರೆ ಮುಂದಿನ ವರ್ಷ ಮತ್ತೆ ಬಿಡುತ್ತೆ’ ಎನ್ನುತ್ತಿದ್ದರು. ಆದರೆ ಅವರ ಕರುಣೆ ಕುರುಡಾಗಿರಲಿಲ್ಲ. ಬಿಟ್ಟ ನಾಯಿ ಮಗುವನ್ನು ಕಚ್ಚಿದರೆ ಅದೂ ಹಿಂಸೆಯೇ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಬಹುತೇಕ ಅಸಾಧ್ಯ. ತಡೆಯುವುದು ಮಾತ್ರ ಲಸಿಕೆಯಿಂದ ಸಾಧ್ಯ. ಆದ್ದರಿಂದ ವರ್ಷ ತಪ್ಪದೆ ನಾಯಿಗಳಿಗೆ ಲಸಿಕೆ ಹಾಕಿಸುತ್ತಿದ್ದರು. ಸಂತಾನಹರಣ ಚಿಕಿತ್ಸೆ ‘ಛೇದ’ವಾಗುವುದಿಲ್ಲವೇ ಎಂದು ಬಹುಕಾಲ ತೊಳಲಾಡಿ, ಘಾಟಿ ರಸ್ತೆಯಲ್ಲಿ ಯಾರೋ ಎಸೆದುಹೋದ ಮರಿಗಳನ್ನು ಕಂಡ ಮೇಲೆ ಒಪ್ಪಿಕೊಂಡರು.

ಹಿಂಸ್ರ ಪ್ರಾಣಿಗಳನ್ನು ಸಾಕುವುದು ಅನರ್ಥದಂಡವೆಂಬ ಎಚ್ಚರಿಕೆ ಶ್ರಾವಕಾಚಾರಗಳಲ್ಲಿದೆಯಲ್ಲ ಎಂದು ಕೆಲವರು ಕೇಳಬಹುದು. ಆ ಎಚ್ಚರಿಕೆ ಉಚಿತವೇ. ಮೋಜಿಗಾಗಿ, ಪ್ರತಿಷ್ಠೆಗಾಗಿ ಜೀವವನ್ನು ಕೊಂಡು ತರುವುದು ಬೇರೆ. ಬಾಗಿಲಿಗೆ ಬಂದ ಹಸಿವಿಗೆ ಅಭಯ ನೀಡುವುದು ಬೇರೆ. ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಹೇಳುವ ನಾಲ್ಕು ದತ್ತಿಗಳಲ್ಲಿ ದಯಾದತ್ತಿಯೂ ಒಂದು. ದೊಡ್ಡಮ್ಮ ಒಂದು ನಾಯಿಯನ್ನೂ ಕೊಂಡು ತಂದವರಲ್ಲ.

ಧರ್ಮದಿಂದ ನಾಯಿಯೂ ದೇವನಾಗುತ್ತದೆ, ಪಾಪದಿಂದ ದೇವನೂ ನಾಯಿಯಾಗುತ್ತಾನೆ ಎಂಬುದು ಸಮಂತಭದ್ರರ ಮಾತಿನ ಸಾರ. ಪೆಟ್ಟು ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಜೀವಂಧರ ಕುಮಾರ ಪಂಚನಮಸ್ಕಾರ ಹೇಳಿದ; ಅದು ಸುದರ್ಶನನೆಂಬ ಯಕ್ಷನಾಗಿ ಹುಟ್ಟಿತು. ಜನ್ನ 1209ರಲ್ಲಿ ಬರೆದ ಯಶೋಧರ ಚರಿತೆಯಲ್ಲಾದರೋ, ಹಿಟ್ಟಿನ ಕೋಳಿಯನ್ನು ಬಲಿಕೊಡಿಸಿದ ರಾಜಮಾತೆ ಚಂದ್ರಮತಿ ನಾಯಿಯಾಗಿ ಹುಟ್ಟುತ್ತಾಳೆ. ಒಂದು ಕಥೆಯಲ್ಲಿ ನಾಯಿ ಮೇಲೇರಿತು, ಇನ್ನೊಂದರಲ್ಲಿ ತಾಯಿ ಕೆಳಗಿಳಿದಳು. ಅಂಗಳದಲ್ಲಿ ಮಲಗಿರುವ ಜೀವ ಯಾವ ಪಯಣದ ನಡುವೆ ಇದೆಯೆಂದು ಬಲ್ಲವರಾರು?

ಈ ದಯೆ ಜನ್ಮದಿಂದ ಜೈನರಾದವರಿಗೆ ಮಾತ್ರ ಮೀಸಲಲ್ಲ. 1959ರಿಂದ ದೆಹಲಿ, ಜಯಪುರಗಳಲ್ಲಿ ಪ್ರಾಣಿಸೇವೆ ಮಾಡಿದ ಇಂಗ್ಲಿಷ್ ಮಹಿಳೆ ಕ್ರಿಸ್ಟಲ್ ರೋಜರ್ಸ್, 1991ರಲ್ಲಿ ಬೆಂಗಳೂರಿನಲ್ಲಿ ‘ಕ್ಯೂಪಾ’ ಸಂಸ್ಥೆಯನ್ನು ಆರಂಭಿಸಿದಾಗ ಅವರ ವಯಸ್ಸು ಎಂಬತ್ತು ದಾಟಿತ್ತು. ವ್ರತದ ಹೆಸರು ಅರಿಯದೆಯೂ ಅದನ್ನು ಬಾಳಿದವರಿದ್ದಾರೆ. ಹೆಸರು ಅರಿತೂ ಮರೆತವರು ನಮ್ಮಂಥವರು.

ನರಸಿಂಹರಾಜಪುರದ ಸಿಂಹನಗದ್ದೆ ಬಸದಿಯಲ್ಲಿ ದೊಡ್ಡಮ್ಮನ ಹೆಸರಿನಲ್ಲಿ ಪೂಜೆ ಮಾಡಿಸಬೇಕೆಂದು ಮನೆಯವರ ಇಚ್ಛೆ. ಆಗಲಿ. ಅದರೊಂದಿಗೆ ಪ್ರತಿ ಸಂಜೆ ದೀಪ ಹಚ್ಚುವ ಮುನ್ನ ನಮ್ಮನ್ನು ನಾವೇ ಕೇಳಿಕೊಳ್ಳೋಣ: ಇಂದು ನಾನು ಯಾರನ್ನು ಕಟ್ಟಿದೆ? ಯಾರಿಗೆ ನೋವು ಕೊಟ್ಟೆ? ಯಾರ ಮೇಲೆ ಭಾರ ಹೊರಿಸಿದೆ? ಯಾರನ್ನು ಹಸಿದಿರಲು ಬಿಟ್ಟೆ? ಅನ್ಯಜೀವಕ್ಕೆ ಹಾಕಿದ ಕಟ್ಟು ಕರ್ಮಬಂಧವಾಗಿ ನಮ್ಮ ಆತ್ಮವನ್ನೇ ಸುತ್ತುತ್ತದೆ ಎನ್ನುತ್ತದೆ ಜಿನಧರ್ಮ. ಆ ಸರಪಳಿಗಳನ್ನು ನಾನು ಮತ್ತೆ ಕೈಗೆತ್ತಿಕೊಂಡಿಲ್ಲ.