ಕಾರ್ ಇಳಿಸೂದಿದ್ರ ಮನಿಮಂದಿ ಕೂಡಿಸಿ ಅಳೀರಿ

ಈಗಿನ ಹುಡುಗೋರಿಗಿ ಕಾರ್ ನೆಲಕ್ಕ ಹತ್ತಿದಂಗ ಕಾಣ್ಬೇಕು. ಚೆಂದ ಕಾಣ್ತದ, ತಿರುವಿನ್ಯಾಗ ಹೊಯ್ದಾಡೂದು ಕಡಿಮಿ, ಖರೆ ಅದ. ಆದ್ರ ಆಳಂದ, ಅಫಜಲಪುರ, ಜೇವರ್ಗಿ ಹಾದಿಗಿ ಇದು ನಡ್ಯಲ್ರಿ.

ಲೆಕ್ಕ ನೋಡ್ರಿ. ಈಗಿನ ಸ್ವಿಫ್ಟ್ ಖಾಲಿ ಇದ್ದಾಗ ನೆಲದಿಂದ 163 ಮಿಲಿಮೀಟರ್ ಎತ್ತರ. ಸ್ಪ್ರಿಂಗ್ ಬದಲಿಸಿ 50 ಇಳಿಸಿದ್ರ ಉಳಿಯೂದು 113. ನಿಯಮದ ಸ್ಪೀಡ್ ಬ್ರೇಕರೇ 100 ಇರ್ತದ. ಊರಾಗ ನಿಯಮ ನೋಡಿ ಯಾರ್ ಕಟ್ತಾರ? ಅದ್ರ ಮ್ಯಾಲ ಐದು ಮಂದಿ, ಡಿಕ್ಕಿನ್ಯಾಗ ತೊಗರಿ ಚೀಲ ಇದ್ರ ಕಾರ್ ಇನ್ನೂ ಕುಸೀತದ. ನಮ್ಮ ಎರಿ ಭೂಮಿ ಮಳಿಗಿ ಉಬ್ತದ, ಬ್ಯಾಸಗಿಗಿ ಬಿರೀತದ, ಹಾದಿ ಸಪಾಟ ಉಳಿಯಲ್ಲ. ಟ್ರ್ಯಾಕ್ಟರ್ ಜಾಡಿನ ನಡುವಿನ ದಿಬ್ಬ ಆಯಿಲ್ ಚೇಂಬರ್‌ಗೇ ಬಡೀತದ. ಅದು ಒಡದು ಆಯಿಲ್ ಸೋರಿದ್ರ ಇಂಜಿನ್ ಸೀಜ್. ಬ್ಯಾನಿ ತಿನ್ನೋ ಸೊಸಿನ್ನ ರಾತ್ರಿ ಕಲಬುರಗಿಗಿ ಒಯ್ಯೂದು ಅದೇ ಕಾರಿನ್ಯಾಗ ಅಲ್ಲೇನ್ರಿ?

ಇಳಿಸೂದೇ ಇದ್ರ ಮೊದಲ ಮನಿಮಂದಿ ಎಲ್ಲಾ ಕೂಡಿಸಿ, ಕಾರಿನ ತಳದಿಂದ ನೆಲಕ್ಕ ಟೇಪ್ ಹಿಡೀರಿ. ನಿಮ್ಮ ದಿನದ ಹಾದಿನ್ಯಾಗಿನ ದೊಡ್ಡ ದಿಬ್ಬಕ್ಕಿಂತ ಎರಡು ಬೆರಳು ಹೆಚ್ಚು ಉಳೀಬೇಕು. ಉಳಿದಷ್ಟೇ ಇಳಿಸ್ರಿ. ಏನೂ ಉಳೀಲಿಲ್ಲಂದ್ರ ಆ ರೊಕ್ಕದಾಗ ಚಲೋ ಟೈರ್ ಹಾಕ್ಸ್ರಿ.